ಅವರೆ ಪಾತಿಗೆ ಸೀರೆಯ ಬೇಲಿ

ಹೊಳೆನರಸೀಪುರದ ನಮ್ಮ ಹಿತ್ತಲಿನಲ್ಲಿ ಅಜ್ಜಿ ಹಾಕಿದ್ದ ಅವರೆಯ ಎಳೆ ಸಸಿಗಳನ್ನು ಹೊಳೆಯ ಕಡೆಯಿಂದ ಬರುವ ಮೊಲಗಳು ಮೇಯತೊಡಗಿದವು. ಅಪ್ಪ ಉರುಲು ಹಾಕಿಸುತ್ತೇನೆಂದರು.

"ಉರ್ಲು ಗಿರ್ಲು ಬ್ಯಾಡ ಕಣಪ್ಪ. ಅವು ಒಳೀಕೆ ಬರ್ದಂಗೆ ನಾನು ಮಾಡ್ತೀನಿ," ಎಂದರು ಅಜ್ಜಿ.

ಮರುದಿನ ಪಾತಿಯ ಸುತ್ತ ಗೂಟ ನೆಟ್ಟು ಹಳೆಯ ಸೀರೆಗಳನ್ನು ಬಿಗಿಯಾಗಿ ಕಟ್ಟಿದರು. ಮೊಲಗಳು ಬರುವುದು ನಿಂತಿತು. ಆದರೆ ಹೊಳೆಯ ಕಡೆಗೆ ಕಟ್ಟಿದ್ದುದು, ಕಾಲೇಜು ಮುಗಿಸಿ ಬರುವಾಗ ನಾನು ಮೈಸೂರಿನಲ್ಲಿ ಆಸೆಯಿಂದ ಕೊಂಡಿದ್ದ ಬಿಳಿಯ ಖಾದಿ ಸೀರೆ.

"ಬಣ್ಣವೇ ಇರ್ಲಿಲ್ವಲ್ಲವ್ವ, ಒಗ್ದು ಒಗ್ದು ಮಾಸೋಗೈತೆ ಅಂದ್ಕಂಡೆ," ಎಂದರು ಅಜ್ಜಿ.

ಬಿಚ್ಚಲು ಹೋದವಳು, ಅದರ ಮರೆಯಲ್ಲಿ ಮತ್ತೆ ಚಿಗುರುತ್ತಿದ್ದ ಸಸಿಗಳನ್ನು ಕಂಡು ಗಂಟನ್ನು ಹಾಗೆಯೇ ಬಿಟ್ಟೆ. ಅವರೆ ಕಾಯಿ ಬಿಡುವವರೆಗೂ ಅದರ ಬದಲು ಅಮ್ಮನ ಕೆಂಪು ಸೀರೆಯನ್ನೇ ಉಟ್ಟೆ.

"ಈಗ ನೋಡು, ಮನೆ ಮಗಳಂಗೆ ಕಾಣ್ತೀಯ," ಎಂದು ಅಜ್ಜಿ ನೆರಿಗೆ ಸರಿಮಾಡಿದರು.