ಐದನೇ ಮಹಡಿಯ ಗಾಳಿ

ಫೈನಾ ತೀಖೊನೊವ್ನಾಗೆ ಆ ಕಟ್ಟಡದ ಒಬ್ಬರನ್ನು ಕಂಡರೂ ಆಗುತ್ತಿರಲಿಲ್ಲ. ಅವರಿಗೂ ಅವಳನ್ನು ಕಂಡರೆ ಮೈ ಉರಿಯುತ್ತಿತ್ತು. ಹಾಗಿದ್ದೂ ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಅವಳಿಲ್ಲದೆ ಯಾರಿಗೂ ನಡೆಯುತ್ತಿರಲಿಲ್ಲ. ಉರಾಲಿನ ಆ ಕಾರ್ಖಾನೆ ಊರಿನಲ್ಲಿ ಚಳಿಗಾಲ ಬಂತೆಂದರೆ ಊರಿಗೆಲ್ಲ ಒಂದೇ ಕಡೆಯಿಂದ ಬಿಸಿನೀರು ಬಿಡುತ್ತಾರೆ. ನೀರು ಒಂದೇ ಪೈಪಿನಲ್ಲಿ ಮನೆಯಿಂದ ಮನೆಗೆ ಹತ್ತಿ, ಐದನೇ ಮಹಡಿ ಮುಟ್ಟಿ, ಇನ್ನೊಂದು ಮಗ್ಗುಲಿಂದ ಇಳಿದು ಹೋಗುತ್ತದೆ. ಬೇಸಿಗೆಯೆಲ್ಲ ಪೈಪಿನಲ್ಲಿ ಸೇರಿಕೊಂಡ ಗಾಳಿ ತುತ್ತತುದಿಗೆ ಹೋಗಿ ಕೂತುಬಿಡುತ್ತದೆ. ಮೇಲಿನ ಮನೆಯವರು ರೇಡಿಯೇಟರಿನ ಪುಟ್ಟ ನಲ್ಲಿ ತಿರುಗಿಸಿ ಅದನ್ನು ಹೊರಗೆ ಬಿಡಬೇಕು, ಇಲ್ಲದಿದ್ದರೆ ಐದೂ ಮನೆ ತಣ್ಣಗೆ. ಆ ಮೇಲಿನ ಮನೆ ಫೈನಾಳದು.

ಅವಳು ಇಪ್ಪತ್ತೊಂಬತ್ತು ವರ್ಷ ವಸತಿ ಕಚೇರಿಯಲ್ಲಿ ಪೈಪಿನ ಕೆಲಸ ಮಾಡಿದವಳು. ಹೆಂಗಸಿಗೆ ಇದು ಒಗ್ಗುತ್ತದೆಯೇ ಎಂದು ಮೊದಲು ನಕ್ಕ ಗಂಡಸರೇ ಆಮೇಲೆ ಕಗ್ಗಂಟಿನ ಕೆಲಸಗಳಿಗೆಲ್ಲ ಅವಳನ್ನು ಕರೆಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಮೂರನೇ ಮಹಡಿಯ ರಮೀಲಾ ಗಲೀಮೊವ್ನಾಳ ಮನೆಯಲ್ಲಿ ಪೈಪು ಒಡೆಯಿತು. ಅವತ್ತು ಫೈನಾಗೆ ಹಲ್ಲುನೋವು, ಕೆನ್ನೆ ಬನ್ನಿನ ಹಾಗೆ ಊದಿತ್ತು. ವೋದ್ಕಾದಲ್ಲಿ ಅದ್ದಿದ ಹತ್ತಿಯನ್ನು ಹಲ್ಲಿಗೆ ಒತ್ತಿಕೊಂಡು, ಎರಡು ಗಂಟೆ ನೀರಿನಲ್ಲಿ ನಿಂತು ಪೈಪು ಸರಿಮಾಡಿದಳು. ಎರಡನೇ ಮಹಡಿಯ ಅರ್ಕಾದಿ ಲ್ವೋವಿಚ್, ಶಾಲೆಯ ಉಪಮುಖ್ಯೋಪಾಧ್ಯಾಯ, ತನ್ನ ಮನೆಯ ಗೋಡೆ ನೆನೆದ ಸಿಟ್ಟಿನಲ್ಲಿ ಹತ್ತಿಬಂದು ಮೂಗರಳಿಸಿದ. ಕುಡಿದು ಕೆಲಸಕ್ಕೆ ಬಂದಿದ್ದಾಳೆ ಎಂದು ದೂರು ಬರೆದ. ಪಿಂಚಣಿಗೆ ಎರಡೇ ವರ್ಷವಿದ್ದಾಗ ಅವಳ ಕೆಲಸ ಹೋಯಿತು. ಅಂಗಡಿಯೊಂದರಲ್ಲಿ ನೆಲ ಒರೆಸಿ ಆ ಎರಡು ವರ್ಷ ತಳ್ಳಿದಳು. ಕುಡುಕಿ ಎಂಬ ಹೆಸರು ಮಾತ್ರ ಹೋಗಲಿಲ್ಲ. ಅವಳಿಗೆ ಬದುಕಿನಲ್ಲಿ ಬೇಕಿದ್ದದ್ದು ಅದೊಂದೇ, ಆ ಹೆಸರು ಹೋಗಬೇಕು.

ಈ ಸಲ ನೀರು ಬಿಟ್ಟು ಮೂರು ದಿನವಾದರೂ ರೇಡಿಯೇಟರ್ ಬಿಸಿಯಾಗಲಿಲ್ಲ. ಕೆಳಗಿನವರು ಚಮಚದಿಂದ ಪೈಪು ಕುಟ್ಟತೊಡಗಿದರು. ಅಲ್ಲಿ ನೆರೆಯವರನ್ನು ಬೈಯುವ ರೀತಿಯೇ ಅದು. ಭಾನುವಾರ ಮಧ್ಯಾಹ್ನ ಅರ್ಕಾದಿ, ರಮೀಲಾ, ಒಂದನೇ ಮಹಡಿಯ ಲಾರಿ ಚಾಲಕ ಎಫೀಮ್ ಮೂವರೂ ಕೋಟು, ಟೋಪಿ ಹಾಕಿಕೊಂಡೇ ಅವಳ ಬಾಗಿಲಿಗೆ ಬಂದರು.

"ಬೇಕೂಂತ್ಲೇ ಗಾಳಿ ಬಿಡ್ತಿಲ್ಲ ಇವಳು," ಅಂದ ಅರ್ಕಾದಿ. "ನಮ್ಮ ಮೇಲಿನ ಹೊಟ್ಟೆಕಿಚ್ಚು."

ಫೈನಾ ಕೀಲಿ ತಂದು ಅವರೆದುರೇ ಪುಟ್ಟ ನಲ್ಲಿ ತಿರುಗಿಸಿದಳು. ಉಸ್ಸೆನ್ನುವ ಸದ್ದೇ ಇಲ್ಲ. ತಣ್ಣನೆಯ ಕಪ್ಪು ನೀರು ಬಕೆಟ್ಟಿಗೆ ಸುರಿಯಿತು.

"ನೋಡ್ಕೊಳ್ಳಿ ಕಣ್ಣು ಬಿಟ್ಟು. ಎಲ್ಲಿದೆ ಗಾಳಿ? ನೀರು ಬಂದು ನಿಂತಿದೆ, ಓಡ್ತಿಲ್ಲ. ನಿಮ್ಮಲ್ಲೇ ಯಾರೋ ದಾರಿ ಮುಚ್ಚಿದೀರ. ನಡೀರಿ, ಮುಟ್ಟಿ ಹೇಳ್ತೀನಿ."

ಅಂಗೈ ಇಟ್ಟು ನೋಡುತ್ತ ಇಳಿದಳು. ನಾಲ್ಕನೇ ಮಹಡಿಯಲ್ಲಿ ಪೈಪು ತಣ್ಣಗೆ, ಮೂರರಲ್ಲೂ ತಣ್ಣಗೆ. ಒಂದನೆಯದರಲ್ಲಿ ಎಫೀಮನ ಮನೆಯ ನೆಲದಿಂದ ಮೇಲೇಳುವ ಪೈಪು ಮಾತ್ರ ಕೈ ಸುಟ್ಟಿತು. ಉಳಿದದ್ದು ಎರಡನೇ ಮಹಡಿ.

ಅರ್ಕಾದಿ ಬಾಗಿಲಿಗೆ ಅಡ್ಡ ನಿಂತ. "ಕುಡುಕರನ್ನ ನಾನು ಮನೆಯೊಳಗೆ ಬಿಟ್ಕೊಳ್ಳಲ್ಲ."

"ಸರೀರಿ ಮೇಷ್ಟ್ರೇ," ಎಂದು ಎಫೀಮ್ ಅವನನ್ನು ಪಕ್ಕಕ್ಕೆ ನೂಕಿದ. "ನಮ್ಮನೇಲಿ ಬಾಯಿ ತೆಗೆದ್ರೆ ಹೊಗೆ ಬರ್ತಿದೆ."

ಒಳಗೆ ಕರೆಂಟಿನ ಹೀಟರು ಉರಿಯುತ್ತಿತ್ತು. ಬೇಸಿಗೆಯಲ್ಲಿ ಹಾಕಿಸಿದ ಹೊಸ ರೇಡಿಯೇಟರ್, ಪೈಪು ಕಾಣಬಾರದೆಂದು ಅದಕ್ಕೊಂದು ಹಲಗೆಯ ಗೂಡು. ಫೈನಾ ಗೂಡಿನ ಬಾಗಿಲು ತೆಗೆದಳು. ರೇಡಿಯೇಟರಿಗೆ ನೀರು ಬರುವ, ಹೋಗುವ ಎರಡೂ ನಲ್ಲಿ ಮುಚ್ಚಿದ್ದವು.

"ಇಲ್ಲೊಂದು ಅಡ್ಡಪೈಪು ಇರ್ಬೇಕಿತ್ತು. ರೇಡಿಯೇಟರ್ ಮುಚ್ಚಿದ್ರೂ ಮೇಲಿನವರಿಗೆ ನೀರು ಹೋಗೋದು ಅದ್ರಲ್ಲೇ. ಎಲ್ಲಿ ಅದು?"

"ನೋಡೋಕೆ ಅಸಹ್ಯವಾಗಿತ್ತು. ಕತ್ತರಿಸಿ ಹಾಕಿಸ್ದೆ."

"ನಲ್ಲಿ ಯಾಕೆ ಮುಚ್ಚಿದ್ರಿ?"

"ಆಗಸ್ಟ್‌ನಲ್ಲಿ ಒತ್ತಡ ಕೊಟ್ಟು ಪೈಪು ಪರೀಕ್ಷೆ ಮಾಡ್ತಾರಲ್ಲ, ಹೊಸದು ಸೋರೀತು ಅಂತ ಮುಚ್ಚಿದ್ದೆ." ಅವನ ದನಿ ಸಣ್ಣದಾಯಿತು. "ಆಮೇಲೆ ಮರೆತುಹೋಯ್ತು."

ಫೈನಾ ಎರಡೂ ನಲ್ಲಿ ತೆರೆದಳು. ಗೊಳಗೊಳ ಸದ್ದಾಗಿ ಮತ್ತೆ ನಿಂತುಹೋಯಿತು. ಹೊಸ ರೇಡಿಯೇಟರಿನ ಹೊಟ್ಟೆಯಲ್ಲಿದ್ದ ಗಾಳಿಯೆಲ್ಲ ಐದನೇ ಮಹಡಿಗೆ ಹೋಗಿ ಕೂತಿತ್ತು.

"ಈಗ ಗಾಳಿ ನಿಜವಾಗ್ಲೂ ನನ್ನ ಹತ್ರ ಇದೆ," ಅಂದಳು ಫೈನಾ. "ಬಿಡ್ತೀನಿ. ಆದ್ರೆ ಆವತ್ತು ನಾನು ಕುಡಿದಿರಲಿಲ್ಲ ಅಂತ ಮೊದ್ಲು ಬರ್ಕೊಡಿ."

"ನನ್ನ ಮೂಗಿಗೆ ವಾಸನೆ ಬಡಿದಿತ್ತು. ಚಳೀಲಿ ಸತ್ತರೂ ಸುಳ್ಳು ಬರೆಯಲ್ಲ."

ಅವನು ಅದನ್ನು ನಿಜವಾಗಿಯೂ ನಂಬಿದ್ದ. ಅದೇ ಅವಳನ್ನು ಇನ್ನಷ್ಟು ರೇಗಿಸಿತು. ಅವಳು ರಮೀಲಾಳ ಕಡೆ ತಿರುಗಿದಳು.

"ಹೇಳಿ ರಮೀಲಾ ಗಲೀಮೊವ್ನಾ. ಹಲ್ಲಿಗೆ ಇಟ್ಕೊಳ್ಳಿ ಅಂತ ಆ ಹತ್ತಿ ಕೊಟ್ಟಿದ್ದು ಯಾರು?"

ರಮೀಲಾ ಶಾಲು ಬಿಗಿದುಕೊಂಡಳು. "ನಾನೇ. ಏನ್ಮಾಡ್ಲಿ, ನನ್ನ ಮಗಳು ಆಗ ಇವರ ಶಾಲೇಲೇ ಓದ್ತಿದ್ಲು."

ಅರ್ಕಾದಿ ತಿರುಗಿ ಅವಳ ಮುಖ ನೋಡಿದ.

"ಹಾಗಾದ್ರೆ ನೀವೇ ಬರೀರಿ," ಅಂದಳು ಫೈನಾ ರಮೀಲಾಗೆ.

"ಬರೀತೀನಿ ಕಣ್ರೀ. ಮೊದ್ಲು ಮನೆ ಬೆಚ್ಚಗಾಗ್ಲಿ, ಆಮೇಲೆ ಖಂಡಿತ ಬರ್ಕೊಡ್ತೀನಿ, ಅಲ್ಲಾನಾಣೆ."

"ಹೌದೌದು," ಅಂದ ಎಫೀಮ್, "ಹಳೇ ಪುರಾಣ ಈಗ್ಯಾಕೆ? ಹೋಗಿ ಕೀಲಿ ತಿರುಗಿಸಮ್ಮ."

ಫೈನಾ ಮೇಲೆ ಹೋಗಿ ಅಗುಳಿ ಹಾಕಿಕೊಂಡಳು. ರೇಡಿಯೇಟರಿನ ಪಕ್ಕ ಸ್ಟೂಲು ಹಾಕಿ, ಕೀಲಿ ಹಿಡಿದು ಕೂತಳು. ಕೆಳಗಿಂದ ಪೈಪು ಕುಟ್ಟುವುದು ಶುರುವಾಯಿತು, ಒಂದು ಚಮಚ, ಆಮೇಲೆ ಮೂರು. ಅವಳ ಬೆರಳೂ ಸೆಟೆಯುತ್ತಿದ್ದವು. ಸೆಟೆಯಲಿ, ಎಲ್ಲರೂ ಹಾಳಾಗಿಹೋಗಲಿ, ಅಂದುಕೊಂಡಳು. ಇಷ್ಟು ವರ್ಷ ಇವರ ಗಾಳಿ ಬಿಟ್ಟದ್ದೇ ತಪ್ಪು ಅನ್ನಿಸಿತು.

ಒಂದು ಗಂಟೆಯ ಮೇಲೆ ಕುಟ್ಟುವುದು ನಿಂತಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಬಾಗಿಲು ತೆರೆದರೆ ರಮೀಲಾ, ಕೈಯಲ್ಲೊಂದು ಹಾಳೆ. ಫೈನಾ ಅಲ್ಲೇ ನಿಂತು ಓದಿದಳು. ಹತ್ತಿ ತಾನೇ ಕೊಟ್ಟದ್ದು, ಫೈನಾ ಕುಡಿದಿರಲಿಲ್ಲ, ಇಷ್ಟು ದಿನ ಹೇಳದೆ ಇದ್ದದ್ದು ತನ್ನ ತಪ್ಪು. ಮೂರು ಸಾಲು, ಕೆಳಗೆ ಸಹಿ.

"ಇದನ್ನ ಬರೆಯೋಕೆ ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದಳು.

"ಒಂದು ನಿಮಿಷ," ಅಂದಳು ರಮೀಲಾ, ನೆಲ ನೋಡುತ್ತ.

ಒಳಗೆ ಬನ್ನಿ ಎನ್ನದೆ ಬಾಗಿಲು ಹಾಕಿ, ಫೈನಾ ಹೋಗಿ ಗಾಳಿ ಬಿಟ್ಟಳು.