ಲೇತ್ ಮೇಲೆ ಒಂದು ಮೊಳ ಮಲ್ಲಿಗೆ

ಸ್ನೇಹಿತರೇ, ಇವತ್ತು ಹೂಟಗಳ್ಳಿಯ ನಮ್ಮ ಪುಟ್ಟ ಬೋಲ್ಟ್ ಕಾರ್ಖಾನೆಗೆ ಆಡಿಟರ್ ಬಂದಿದ್ದರು. ಅವರು ಒಪ್ಪಿ ಗುಣಮಟ್ಟದ ಸರ್ಟಿಫಿಕೇಟು ಸಿಕ್ಕರೆ ಮಾತ್ರ ನಮ್ಮ ಬೋಲ್ಟು ವಿದೇಶಕ್ಕೆ ಹೋಗುತ್ತದೆ.

ಬೋಲ್ಟು ಕಡೆಯುವ ಲೇತ್ ಮಿಷನ್ ಮೇಲಿದ್ದ ಕುಂಕುಮ, ಮಲ್ಲಿಗೆ ನೋಡಿ ಅಲ್ಲೇ ನಿಂತುಬಿಟ್ಟರು. "ಇದು ನಿಮ್ಮ ಫೈಲಲ್ಲಿ ಇಲ್ವಲ್ಲಾ? ಮಾಡೋದನ್ನೆಲ್ಲ ಬರೀಬೇಕು, ಬರೆದಿದ್ದನ್ನೆಲ್ಲ ಮಾಡ್ಬೇಕು."

"ತೆಗೆಸ್ಬುಡ್ತೀನಿ ಸಾರ್" ಅಂದೆ.

ಇಪ್ಪತ್ತು ವರ್ಷದಿಂದ ಆ ಲೇತ್ ನಡೆಸುತ್ತಿರುವ ಸಿದ್ದಪ್ಪನವರು ಕೆರಳಿದರು. "ಹೂವ ತೆಗೆದ್ರೆ ನಾನು ಮಿಷನ್ ಮುಟ್ಟಕಿಲ್ಲ ಕಣ್ರೀ. ಅದನ್ನೂ ಬರ್ಕೊಳ್ಳಿ!"

ಬೇರೆ ದಾರಿ ಕಾಣದೆ ಫೈಲಿನಲ್ಲಿ ಬರೆದೇಬಿಟ್ಟೆ: 'ಲೇತ್ ಪೂಜೆ. ದಿನಾ ಬೆಳಿಗ್ಗೆ ಎಂಟಕ್ಕೆ. ಹೂವು ಒಂದು ಮೊಳ. ಜವಾಬ್ದಾರಿ: ಸಿದ್ದಪ್ಪ.' ಆಡಿಟರ್ ತಲೆಯಾಡಿಸಿದರು. ಗೆದ್ದೆವು ಅಂದುಕೊಂಡೆ.

ಆಡಿಟರ್ ಊಟ ಮುಗಿಸಿ ಬಂದವರೇ ಆ ಹೂವನ್ನು ತೆಗೆದು ತಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ನೋಡಿದರು. "ನನ್ನ ಮೊಳಕ್ಕೆ ಸಾಲ್ದು ಕಣ್ರೀ. ಇದು ಯಾರ ಮೊಳ?"

"ಗೇಟ್ ಹತ್ರ ಹೂವ ಮಾರೋ ಪುಟ್ಟಮ್ಮಂದು ಸಾರ್. ಆವಮ್ಮನ ಕೈ ವಸಿ ಗಿಡ್ಡ" ಅಂದರು ಸಿದ್ದಪ್ಪ.

ಸರ್ಟಿಫಿಕೇಟಿಗೆ ಶಿಫಾರಸು ಮಾಡಿ ಹೋಗಿದ್ದಾರೆ. ಒಂದೇ ಷರತ್ತು: ಮೊಳ ಅಂದರೆ ಎಷ್ಟು ಎಂದು ಅಳೆದು ದಾಖಲಿಸಬೇಕು.

ಬೋಲ್ಟನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕಡೆಯುವ ನಾವು ನಾಳೆ ಬೆಳಿಗ್ಗೆ ಪುಟ್ಟಮ್ಮನವರ ಕೈಗೆ ಸ್ಕೇಲ್ ಹಿಡಿಯಬೇಕು. ಅವರು ಬಯ್ಯದೆ ಕೈ ಚಾಚಿದರೆ ದೇಶದ ರಫ್ತು ಹೆಚ್ಚುತ್ತದೆ.