ನಮ್ಮನೆಯವರ ಆಕ್ಚುಲಿ

ಆ ಮಂಗಳವಾರ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ ನಮ್ಮನೆಯವರು ಅರ್ಧಕ್ಕೇ ತಟ್ಟೆ ಸರಿಸಿ ಎದೆ ನೀವಿಕೊಂಡರು.

"ಯಾಕ್ರೀ, ನೋವೈತಾ?"

"ಆಕ್ಚುಲಿ ಏನಿಲ್ಲ ಕಣೇ, ಗ್ಯಾಸು" ಎಂದು ಬೈಕ್ ಹತ್ತಿ ನ್ಯಾಮತಿಯಲ್ಲಿದ್ದ ತಮ್ಮದೇ ಮೋಟರ್ ರಿಪೇರಿ ಅಂಗಡಿಗೆ ಹೋದರು. ನಾನು ಬಟ್ಟೆ ಒಗೆಯಲು ಕೂತೆ. ಮರುದಿನ ಅಂಗಡಿಯಲ್ಲಿ ಕುಸಿದರು. ಹೊನ್ನಾಳಿಯ ಆಸ್ಪತ್ರೆ ಮುಟ್ಟುವ ಮೊದಲೇ, ದಾರಿಯಲ್ಲೇ ಹೋದರು. ಹೃದಯಾಘಾತ ಎಂದರು ಡಾಕ್ಟರು.

ಈ ಆಕ್ಚುಲಿ ಎಂಬ ಪದ ನಮ್ಮ ಮನೆಗೆ ಬಂದ ಬಗೆಯನ್ನು ನಿಮಗೆ ಹೇಳಬೇಕು. ಹಿಂದೊಮ್ಮೆ ಪಂಪ್‌ಸೆಟ್ ಕಂಪನಿಯವರ ತರಬೇತಿಗೆಂದು ಎರಡು ದಿನ ದಾವಣಗೆರೆಗೆ ಹೋದವರು ತಂದದ್ದು ಒಂದು ಕೈಚೀಲ, ಒಂದು ಪದ. ಚೀಲದ ಜಿಪ್ ತಿಂಗಳಲ್ಲೇ ಹೋಯಿತು. ಪದ ಉಳಿಯಿತು. "ಆಕ್ಚುಲಿ ಮೋಟ್ರು ಕಾಯಿಲ್ ಸುಟ್ಟೈತೆ", "ಆಕ್ಚುಲಿ ಉಪ್ಪು ಕಮ್ಮಿ." ಅಂಗಡಿಗೆ ಬಂದ ರೈತರು ಕಾಡಿಸುತ್ತಿದ್ದರು: "ಆಕ್ಚುಲಿ ಅಣ್ಣಾ, ನಮ್ಮ ಮೋಟ್ರು ಈ ಜನ್ಮದಾಗೆ ಕೊಡ್ತೀಯೋ, ಮುಂದಿನ ಜನ್ಮಕ್ಕೋ?" ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಅರ್ಥ ಕೇಳಲಿಲ್ಲ. ಮಾತಿಗೆ ಮುಂಚೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಇದೂ ಅಂಥದೇ ಎಂದುಕೊಂಡಿದ್ದೆ.

ಕಾರ್ಯವೆಲ್ಲ ಮುಗಿದ ಮೇಲೆ ಪಕ್ಕದ ಮನೆಯ ಟೀಚರಮ್ಮನನ್ನು ಆ ಪದದ ಅರ್ಥ ಕೇಳಿದೆ.

"ಎದುರಿಗಿರೋರು ಅಂದ್ಕೊಂಡಿದ್ದು ಸರಿಯಿಲ್ಲ, ನಿಜ ಬೇರೆ ಐತೆ ಅಂತ ಹೇಳಾಕೆ ಹಂಗಂತಾರೆ ಅಕ್ಕಾ" ಎಂದಳು.

ಅಂದಿನಿಂದ ನನ್ನ ತಲೆ ಗೊಂದಲದ ಗೂಡಾಗಿದೆ. ಗ್ಯಾಸು ಎಂದು ಅವರೂ ನಂಬಿದ್ದರೇ? ಇಲ್ಲವೇ ಗೊತ್ತಿದ್ದೂ ನನ್ನಿಂದ ಮುಚ್ಚಿಟ್ಟರೇ? ಅವರ ಹಳೆಯ ಆಕ್ಚುಲಿಗಳನ್ನೆಲ್ಲ ನೆನಪಿನಿಂದ ಹೊರತೆಗೆದು ನೋಡಿದೆ. ಜಗಳೂರಿನ ನಾದಿನಿಯ ಮನೆಯಲ್ಲಿ "ಆಕ್ಚುಲಿ ಹೊಟ್ಟೆ ತುಂಬೈತೆ" ಎಂದು ಕೊನೆಯ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದ್ದರು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದರು. "ಆಕ್ಚುಲಿ ಈ ಸೀರೆ ನಿಂಗೆ ಒಪ್ಪಲ್ಲ" ಎಂದದ್ದು ಮಾತ್ರ ಅಪ್ಪಟ ನಿಜ. ವಾರ ಮಾತು ಬಿಟ್ಟಿದ್ದೆ, ಸೀರೆಯನ್ನು ಮತ್ತೆ ಉಡಲಿಲ್ಲ. ಹೀಗೆ ಯಾವುದನ್ನು ನೆನೆದರೂ ಒಂದು ಸಲ ನಿಜ, ಒಂದು ಸಲ ಸುಳ್ಳು.

ನಿನ್ನೆ ನಾದಿನಿ ಫೋನ್ ಮಾಡಿದಳು.

"ಅತ್ತಿಗೇ, ಹೆಂಗಿದ್ದೀರಿ? ಉಂಡ್ರಾ?"

"ಆಕ್ಚುಲಿ ಚೆನ್ನಾಗಿದ್ದೀನಿ ಕಣಮ್ಮ. ಈಗ ಉಂಡೆ."

ಒಲೆಯನ್ನೇ ಹಚ್ಚಿರಲಿಲ್ಲ. ಆ ಪದ ನನ್ನ ಬಾಯಿಗೆ ಹೇಗೆ ಬಂತೋ. ಅವಳು ಸಮಾಧಾನದಿಂದ ಫೋನ್ ಇಟ್ಟಳು. ಎದುರಿನವರನ್ನು ಅವರವರ ಕೆಲಸಕ್ಕೆ ನೆಮ್ಮದಿಯಾಗಿ ಕಳಿಸಿಬಿಡಲು ಈ ಪದ ಎಷ್ಟು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆಂದು ಆಗ ತಿಳಿಯಿತು. ಟೀಚರಮ್ಮ ಹೇಳಿದ ಅರ್ಥದಲ್ಲಿ ಈ ಉಪಯೋಗ ಇರಲಿಲ್ಲ.

ನಮ್ಮನೆಯವರಿಗೆ ಆ ಮಂಗಳವಾರ ಬೆಳಿಗ್ಗೆ ಎಷ್ಟು ನೋವಿತ್ತೆಂಬುದು ನನಗೆ ಇನ್ನೂ ಗೊತ್ತಿಲ್ಲ.